ಬೀಗತಿ ಜೋಡಿ ಆಡಿದ ಕಾರಿನಾಟ

ಬರ್ರಿ, ಹಿಂಗ ಗ್ವಾಡಿಗೆ ಬೆನ್ನು ಹಚ್ಚಿ ಕುಂಡ್ರಿ. ಆ ಆಟದ ಪೆಟ್ಟಿಗಿ ಹಿರೇಬೆಂಡಿಗೇರಿಯ ನಮ್ಮ ಮನಿಗೆ ಬಂದಾಗಿನಿಂದ ಏನರ ಒಂದು ಆಗಿಕೋತನ ಐತಿ. ಟೀವಿ ಕೆಳಗ ಇಡೋ ಪೆಟ್ಟಿಗಿ ಅದು. ಮೊಮ್ಮಗಳು ಇಲ್ಲಿ ಕುಂತು ಆಡ್ತಾಳ, ಸವಣೂರಿಗೆ ಕೊಟ್ಟ ನನ್ನ ಮಗಳ ಮಗಳು ಅಲ್ಲಿ ಕುಂತು ಆಡ್ತಾಳ. ಇಬ್ಬರೂ ಒಂದ ಆಟದಾಗ. ನಡುವ ಒಂದು ವೈರ್ ಇಲ್ಲ.

ಹುಡುಗೇರು ಹಂಗ ಕೂಡಿದ್ರೂ, ನಾನೂ ಸವಣೂರಿನ ಬೀಗತಿನೂ ಮಾತು ಬಿಟ್ಟು ವರ್ಷ ಆಗಿತ್ತು. ನಮ್ಮ ಹೊಸ ಮನಿ ಊಟದಾಗ ಅಕಿನ್ನ ನಾನು ಎರಡನೇ ಪಂಕ್ತಿಗೆ ಕುಂಡ್ರಿಸಿದ್ದೆ. ಆ ಸಿಟ್ಟಿಗೆ ಅಕಿ ಆ ವರ್ಷದ ನಾಗರ ಪಂಚಮಿಗೆ ನನ್ನ ಮಗಳನ್ನ ತವರಿಗೆ ಕಳಸಲಿಲ್ಲ. ಕಟ್ಟಿದ ಜೋಕಾಲಿ ಖಾಲಿ ತೂಗಿತು. ಈ ವರ್ಷರ ಮಗಳು ಬರಬೇಕು, ಅದೊಂದ ನನ್ನ ಚಿಂತಿ ಆಗಿತ್ತು.

೧. ಎಲಿ ಚೀಲ

ಆಟದಾಗಿನ ಕಾರು ಓಡಸಾಕ ಎರಡು ರಿಮೋಟ್ ಅದಾವು. ಇಲಿ ಕಡದೀತು ಅಂತ ಒಂದನ್ನ ನನ್ನ ಎಲಿ-ಅಡಿಕಿ ಚೀಲದಾಗ ಹಾಕ್ಕೊಂಡು ಹೊರಗ ಕಟ್ಟಿ ಮ್ಯಾಲೆ ಕುಂತಿದ್ದೆ. ಒಳಗ ಮೊಮ್ಮಗಳು, "ಅವ್ವಾ, ಎರಡನೇ ಕಾರು ತಾನ ಓಡಿ ಕೆರಿಗೆ ಬೀಳಾಕತ್ತೈತಿ" ಅಂದ್ಲು. ನನ್ನ ಸೊಸಿ ಓಡಿ ಬಂದು ಪೆಟ್ಟಿಗಿಗೆ ಊದಿನಕಡ್ಡಿ ಬೆಳಗಿದ್ಲು. ಆದ್ರೂ ಬಿತ್ತು.

ಮೊಮ್ಮಗಳು ಹೊರಗ ಬಂದು ನನ್ನ ಚೀಲಾ ತಗದು ನೋಡಿದ್ಲು. ನಾನು ಕೈ ಹಾಕಿದಾಗೊಮ್ಮೆ ಗುಂಡಿ ಒತ್ತಿತ್ತಂತ. ವೈರ್ ಇಲ್ಲದ್ದು ಕಟ್ಟಿತನಕಾ ಮುಟ್ಟತೈತಿ ಅಂತ ನನಗೇನು ಗೊತ್ತು?

"ಆಯಿ, ಡಾಕ್ಟರ್ ದಿನಕ್ಕ ಎಷ್ಟು ಎಲಿ ಅಂದಾರ?"

"ಎರಡು. ಎರಡ ಹಾಕ್ಕೊಂಡೇನಿ."

"ಕಾರು ಐದು ಸಲ ಬಿದ್ದೈತಿ."

೨. ಟೀವಿ ಕೊಟ್ಟ ಉತ್ತರ

ಆಡೋ ಮುಂದ ಅಲ್ಲಿ ಮಾತು ಇಲ್ಲಿ ಟೀವಿಯಾಗ, ಇಲ್ಲಿದ್ದು ಅಲ್ಲಿ ಕೇಳ್ತೈತಂತ. ಇದು ನನಗ ತಿಳಿಯೋದು ತಡಾ ಆತು. ಒಂದಿನಾ ಹುಡುಗೇರು ಆಡಾಕತ್ತಿದ್ರು, ನಾನು ಬಾಜೂಕ ಕುಂತು ಸೊಸಿ ಮುಂದ ಬಿಚ್ಚಿದೆ: "ಬೀಗತಿಗೆ ಸಿಟ್ಟು ಮೂಗಿನ ಮ್ಯಾಲೆ. ಅಕಿ ಬಡದ ರೊಟ್ಟಿ ಒಂದೂ ದುಂಡಗ ಇರೂದಿಲ್ಲ. ಆದ್ರ ಹಸೀ ಮೆಣಸಿನಕಾಯಿ ಕುಟ್ಟಿದ ಕೆಂಪಿಂಡಿ ಮಾತ್ರ ಅಕಿ ಕೈಯಾಗಿಂದ ತಿನ್ನಬೇಕು ನೋಡು."

ಟೀವಿ ಹೇಳ್ತು: "ಕೆಂಪಿಂಡಿದೊಂದು ಖರೆ ಹೇಳಿದ್ರಿ."

ಅಕಿದ ದನಿ. ವರ್ಷದ ಮ್ಯಾಲೆ ಮೊದಲನೇ ಮಾತು, ಏನರ ಕೇಳಬೇಕಲ್ಲ? "ಆರಾಮ ಅದೀರೇನ್ರಿ ಅಕ್ಕಾರ?" ಅಂದೆ.

"ಈಗಿನತನಕಾ ಇದ್ದೆ."

೩. ಗೆರಿ ಮುಂದ

ಮಾತರ ಬಂತಲ್ಲ ಅಂತ ಹುಡುಗೇರು ಮರುದಿನ ನಮ್ಮಿಬ್ಬರನ್ನೂ ಆಟಕ್ಕ ಹಚ್ಚಿದ್ರು. "ಈ ಗುಂಡಿ ಒತ್ತು ಆಯಿ, ಅವರಿಗೆ ಕರೆ ಹೋಗ್ತೈತಿ." ಒತ್ತಿದೆ. ಸವಣೂರಿನ ಮೊಮ್ಮಗಳು, "ಈ ಆಯಿ ಒಲ್ಲೆ ಅಂತಾಳ. ಗುಂಡಿ ಒತ್ತಿ ಕರದ್ರ ಬೀಗರು ಬರ್ತಾರೇನು ಅಂತಾಳ" ಅಂದ್ಲು. ನ್ಯಾಯದ ಮಾತು. "ಅಕ್ಕಾರ, ಆಟಕ್ಕ ಬರ್ರಿ" ಅಂತ ಬಾಯಿ ತುಂಬ ಕರದೆ. ಬಂದ್ಲು.

ಹುಡುಗೇರ ಕಾರು ಮುಂದ ಹೋಗಿ ಓಟ ಮುಗಿಯೋ ಗೆರಿ ಮುಟ್ಟಿದ್ವು. ಅಷ್ಟರಾಗ ನಾವೂ ಗೆರಿ ಹತ್ರ ಬಂದ್ವಿ. ನಮಗ ಉಳಿದದ್ದು ಅರ್ಧ ನಿಮಿಷ. ನಾನು ಕಾರು ನಿಲ್ಲಿಸಿದೆ. ಅಕಿನೂ ನಿಲ್ಲಿಸಿದ್ಲು.

"ನೀವು ಮುಂದ ಹೋಗ್ರಿ ಅಕ್ಕಾರ."

"ಇಲ್ರಿ, ಹಿರೇರು ನೀವು."

"ಬೀಗರು ಮೊದಲು. ಹ್ವಾದ ಸಲದ ತಪ್ಪು ಮತ್ತ ಮಾಡೂದಿಲ್ಲ."

"ಅದು ನಿಮಗ ನೆನಪೈತೇನ್ರಿ?"

"ದಿನಾ ನೆನಪಾಗತೈತ್ರಿ."

"ಹಂಗಾರ ನೀವ ಹೋಗ್ರಿ."

"ನೀವು ಹೋಗೂತನಕಾ ನಾನು ಹೋಗಾಂಗಿಲ್ಲ."

ಹುಡುಗೇರು ಎರಡೂ ಊರಾಗ ತಲಿ ಮ್ಯಾಲೆ ಕೈ ಹೊತ್ತು, "ಯಾರರ ಒಬ್ಬರು ಹೋಗ್ರಿ" ಅನ್ನಾಕತ್ತಿದ್ರು. ಹೊತ್ತು ತೀರಿತು. ಇಬ್ಬರೂ ಸೋತ್ವಿ.

"ಸೋತ್ರ ಸೋತ್ವಿ ಬಿಡ್ರಿ" ಅಂದ್ಲು ಬೀಗತಿ. "ಪಂಚಮಿಗೆ ನಿಮ್ಮ ಮಗಳನ್ನ ಕಳಸ್ತೇನಿ. ಕರದ್ರ ನಾನೂ ಬರ್ತೇನಿ."

"ಗುಂಡಿ ಒತ್ತಿ ಕರೀಲೇನ್ರಿ?"

"ಕುಂಕುಮಾ ತಗೊಂಡು ಬರ್ರಿ."

ಹ್ವಾದೆ. ಮಗಳು ಪಂಚಮಿಗೆ ಬಂದು ಮನಸಾರೆ ಜೋಕಾಲಿ ಜೀಕಿದ್ಲು. ಬೀಗತಿ ಮೊದಲನೇ ಪಂಕ್ತಿಗೆ ಕುಂತು ಉಂಡ್ಲು. ಸೊಸಿ ಈಗೂ ವಾರಕ್ಕೊಮ್ಮೆ ಪೆಟ್ಟಿಗಿಗೆ ಊದಿನಕಡ್ಡಿ ಬೆಳಗತಾಳ. ಹುಡುಗೇರು ನಮ್ಮಿಬ್ಬರನ್ನ ಓಟದ ಪಂದ್ಯಕ್ಕ ಸೇರಸೂದ ಬಿಟ್ಟಾರ. ಇನ್ನ ನಾನು. ಸವಣೂರಿನ ಎಳೀ ಎಲಿ ಬೀಗತಿನ ಕಳಸ್ತಾಳ. ರಿಮೋಟ್ ಇನ್ನೂ ನನ್ನ ಚೀಲದಾಗ ಐತಿ. ಹುಡುಗೇರು ಆಡೋ ಮುಂದ ನಾನಿಲ್ಲಿ ಚೀಲಕ್ಕ ಕೈ ಹಾಕಿದ್ರ ಅಕಿ ಟೀವಿಯಾಗೂ ಎರಡನೇ ಕಾರು ಕೆರಿಗೆ ಬೀಳತೈತಿ. "ಅಕ್ಕಾರ, ಇದು ಮೂರನೇದು" ಅಂತ ಅಲ್ಲಿಂದನ ಹೇಳ್ತಾಳ. ಎಲಿ ಕಳಸಾಕಿನೂ ಅಕಿನ, ಎಣಸಾಕಿನೂ ಅಕಿನ.