ಅಕ್ಕೋರ ‘ಸುಮ್ನ ಕೂಡ್ರೂ ಸಂಘ’

ಒಳ್ಳೆಯ ಕೆಲಸ ಮಾಡುವವರ ಬೆನ್ನು ಹತ್ತಿದರೆ ಪುಣ್ಯ ಬರುತ್ತದೋ ಇಲ್ಲವೋ ನನಗೆ ಗೊತ್ತಿಲ್ಲ. ನಗೆಗಂತೂ ಬರ ಇರುವುದಿಲ್ಲ. ತಾರ್ನಾಕದಲ್ಲಿ ನಮ್ಮ ಮೇಲಿನ ಮನೆಗೆ ಅಕ್ಕೋರು ಬಾಡಿಗೆಗೆ ಬಂದಂದಿನಿಂದ ಇಂಥದ್ದು ಏನಾದರೊಂದು ನಡೆಯುತ್ತಲೇ ಇದೆ.

ಅಕ್ಕೋರು ರಾಯಚೂರು ಕಡೆಯವರು, ಕಥೋಲಿಕ ಕ್ರೈಸ್ತರು. ಇದೇ ಊರಿನ ಶಾಲೆಯಲ್ಲಿ ಕಲಿಸಿ ನಿವೃತ್ತರಾದವರು, ಮಗ ಸೊಸೆಯ ಜೊತೆ ಇರುವವರು. ನಮ್ಮ ಕಡೆ ಟೀಚರಮ್ಮನಿಗೆ ಅಕ್ಕೋರು ಅನ್ನುವುದೇ ರೂಢಿ. ನಾನು ಬೀದರ ಕಡೆಯ ಲಿಂಗಾಯತ. ದಾರ, ಗುಂಡಿ, ಲೈನಿಂಗ್ ಬಟ್ಟೆ ಮಾರುವ ಸಣ್ಣ ಅಂಗಡಿ ನನ್ನದು. ಈ ಊರಲ್ಲಿ ಹೊರಗೆ ತೆಲುಗು, ಹಿಂದಿ ಆಡಿ ಆಡಿ ಬೇಸತ್ತವನಿಗೆ ಮೆಟ್ಟಿಲ ಮೇಲೆ ಕನ್ನಡ ಕೇಳಿದರೆ ಹೇಗಾಗಬೇಡ? ನಾನು ಅವರ ಬಲೆಗೆ ಬಿದ್ದದ್ದು ಹಾಗೆ.

ಸಂಘದ ಕೆಲಸ

ಅಕ್ಕೋರ ಗಂಡ ತೀರಿಕೊಂಡಾಗ ಮನೆ ತುಂಬ ಜನ ಬಂದಿದ್ದರಂತೆ. ಒಬ್ಬರು ಮನೆ ಬದಲಿಸಿ ಅಂದರು, ಒಬ್ಬರು ಯಾತ್ರೆಗೆ ಹೋಗಿ ಅಂದರು, ಇನ್ನೊಬ್ಬರು ಸಕ್ಕರೆ ಬಿಡಿ ಅಂದರು. ಸೊಪ್ಪು ಮಾರುವ ಮುದುಕಿಯೊಬ್ಬಳು ಮಾತ್ರ ಬುಟ್ಟಿಯನ್ನು ಬಾಗಿಲ ಹೊರಗಿಟ್ಟು ಬಂದು, ಅಕ್ಕೋರ ಪಕ್ಕ ಕೂತು, ಒಂದು ಮಾತೂ ಆಡದೆ ಸಂಜೆಯವರೆಗೆ ಇದ್ದು, ಚಹಾ ಕುಡಿದು ಎದ್ದು ಹೋದಳು.

“ಅವತ್ತ ನನಗ ಹೋದ ಜೀವ ಬಂದಂಗಾತು, ತಮ್ಮಾ,” ಅನ್ನುತ್ತಾರೆ ಅಕ್ಕೋರು.

ಆಮೇಲೆ ಅವರೂ ಹಾಗೇ ಹೋಗತೊಡಗಿದರು. ಕಾಯಿಲೆಯವರು, ಒಂಟಿಯಾಗಿರುವವರು, ಮನೆಯಲ್ಲಿ ಸಾವಾದವರು, ಯಾರಾದರೂ ಸರಿ. ಹೋಗಬೇಕು, ಕೂರಬೇಕು, ಕೇಳಬೇಕು, ಕೊಟ್ಟ ಚಹಾ ಕುಡಿದು ಬರಬೇಕು. ಬುದ್ಧಿ ಹೇಳಬಾರದು, ಧರ್ಮ ಬೋಧಿಸಬಾರದು. ಚರ್ಚಿನ ಹೆಂಗಸರು ಜೊತೆಗೂಡಿದರು, ಬೇರೆ ಚರ್ಚುಗಳಿಗೂ ಹಬ್ಬಿತು. ಪಾದ್ರಿಗಳಲ್ಲ, ಕನ್ಯಾಸ್ತ್ರೀಯರಲ್ಲ, ಸಂಸಾರಸ್ಥರೇ ನಡೆಸುವ ಶ್ರೀಸಾಮಾನ್ಯರ ಚಳವಳಿ ಅಂತ ಅದಕ್ಕೆ ಹೆಸರು ಬಂತು. ಅಕ್ಕೋರು ಸ್ಥಾಪಕರಾದರು. ಸ್ಥಾಪಕರು ಅಂದರೆ ಅವರಿಗೆ ಸಿಟ್ಟು. “ಸ್ಥಾಪನಾ ಮಾಡಾಕ ನಾ ಏನ್ ಕಲ್ಲ ನೆಟ್ಟೀನಿ?” ಅನ್ನುತ್ತಾರೆ.

ನಾನು ಮೊದಲ ಸಲ ಅವರೊಂದಿಗೆ ಹೋಗಿ ಬಂದು ಇದನ್ನೆಲ್ಲ ಹೆಂಡತಿಗೆ ವಿವರಿಸಿದೆ. ಸಂಘಕ್ಕೆ ‘ಸುಮ್ನ ಕೂಡ್ರೂ ಸಂಘ’ ಅಂತ ಹೆಸರಿಟ್ಟವಳು ಅವಳೇ. ಇಟ್ಟು ಒಂದು ಮಾತು ಸೇರಿಸಿದಳು: “ಅದಕ್ಕ ಮೇಲಿನ ಮನೀಗೆ ಯಾಕ ಹೋಗಬೇಕ್ರಿ? ಇಷ್ಟ ವರ್ಷ ಅಂಗಡ್ಯಾಗ ನೀವು ಮಾಡಿದ್ದು ಮತ್ತೇನು?”

ನಿದ್ದೆಯ ಪಂಚಾಯ್ತಿ

ನಮ್ಮ ಓಣಿಯ ಹಿಂದೆ ಅಣ್ಣತಮ್ಮಂದಿರಿಬ್ಬರ ಮನೆ. ಬೇವಿನ ಮರದ ನೆರಳಲ್ಲಿ ಯಾರ ಸ್ಕೂಟರ್ ನಿಲ್ಲಬೇಕು ಅನ್ನುವುದರಿಂದ ಶುರುವಾದ ಜಗಳ, ಒಬ್ಬರ ಮಗಳ ಮದುವೆಗೆ ಇನ್ನೊಬ್ಬರು ಹೋಗದಷ್ಟು ಬೆಳೆದಿತ್ತು. ಅವರ ತಾಯಿ ಹಾಸಿಗೆ ಹಿಡಿದಿದ್ದಳು. ಅವಳ ಪಕ್ಕ ಕೂರಲು ಅಕ್ಕೋರು ಹೋದರು, ನಾನೂ ಹೋದೆ.

ನಾವು ಕೂತದ್ದೇ ತಡ, ಅಣ್ಣತಮ್ಮಂದಿರು ಎರಡು ಬದಿಗೆ ನಿಂತು ಅಕ್ಕೋರ ಎದುರು ವಾದ ಶುರು ಮಾಡಿದರು. ಅಕ್ಕೋರು ಕಣ್ಣು ಮುಚ್ಚಿ ಕೇಳುತ್ತಿದ್ದರು. ಸ್ವಲ್ಪ ಹೊತ್ತಿಗೆ ಸಣ್ಣಗೆ ಗೊರಕೆ ಬಂತು. ಹಿಂದಿನ ದಿನವೆಲ್ಲ ಆಸ್ಪತ್ರೆಯಲ್ಲಿ ಕೂತಿದ್ದರು ಪಾಪ.

ದೊಡ್ಡವರ ನಿದ್ದೆ ಕೆಡಿಸಬಾರದಲ್ಲ. ಅಣ್ಣ ದನಿ ಇಳಿಸಿದ. ಕೇಳಿಸದೆ ತಮ್ಮ ಹತ್ತಿರ ಬಂದ. ಇಬ್ಬರೂ ಪಿಸುಗುಟ್ಟುತ್ತ ಜಗಳ ಮುಂದುವರಿಸಿದರು. ಪಿಸುಮಾತಿನಲ್ಲಿ ಬೈಯುವುದು ನೀವು ತಿಳಿದಷ್ಟು ಸುಲಭವಲ್ಲ. ಕಿವಿಗೆ ಬಾಯಿ ಹಚ್ಚಿ “ನೀನು ಮೋಸಗಾರ” ಅನ್ನುವಾಗ ತಮ್ಮನಿಗೇ ನಗು ಬಂತು. ಅವನು ನಕ್ಕದ್ದು ನೋಡಿ ಅಣ್ಣನೂ ನಕ್ಕ. ತಾಯಿ ಹಾಸಿಗೆಯಿಂದಲೇ ಕೈ ಎತ್ತಿ ಇಬ್ಬರನ್ನೂ ಕರೆದಳು. ಮೂವರೂ ಅತ್ತದ್ದಕ್ಕೆ ಅಕ್ಕೋರಿಗೆ ಎಚ್ಚರವಾಯಿತು.

ಮರುದಿನ ಓಣಿಯೆಲ್ಲ ಅದೇ ಮಾತು. ಅಕ್ಕೋರು ಏನು ಹೇಳಿ ರಾಜಿ ಮಾಡಿಸಿದರು ಅಂತ ಎಲ್ಲರೂ ನನ್ನನ್ನು ಕೇಳುವವರೇ. ಅಕ್ಕೋರೂ ಸಂಜೆ ಬಂದು ನನ್ನನ್ನೇ ಕೇಳಿದರು: “ತಮ್ಮಾ, ನಾ ಏನ್ ಹೇಳಿದ್ನಿ?”

ಪರಿಚಯದ ಫಲ

ಅಕ್ಕೋರಿಗೆ ಆಟೋ ಸ್ಟ್ಯಾಂಡಿನಿಂದ ಬಿಷಪ್ಪರ ಮನೆಯವರೆಗೆ ಪರಿಚಯ. ಅವರನ್ನು ಕರೆದೊಯ್ಯುವ ಆಟೋದವರು ಹಳೇ ಊರಿನ ಸಾಬರು. ಒಮ್ಮೆ ಅವರ ಹೆಂಡತಿ ಆಸ್ಪತ್ರೆಯಲ್ಲಿದ್ದಾಗ ಅಕ್ಕೋರು ಹೋಗಿ ಕೂತಿದ್ದರು. ಅಂದಿನಿಂದ ಅವರೂ ಸಂಘದವರೇ.

ಒಂದು ದಿನ ಕೂಕಟ್‌ಪಲ್ಲಿಗೆ ಹೋಗುವಾಗ ಗಡಿಬಿಡಿಯಲ್ಲಿ ಸಾಬರು ಆಟೋವನ್ನು ರಾಂಗ್ ಸೈಡಿಗೆ ನುಗ್ಗಿಸಿದರು. ಪೊಲೀಸ್ ಅಡ್ಡ ಬಂದ. ಒಳಗೆ ಬಗ್ಗಿ ನೋಡಿದವನೇ ಕೈ ಮುಗಿದ. “ಟೀಚರ್, ನೀವಾ? ನಾನು ನಿಮ್ಮ ಹಳೇ ವಿದ್ಯಾರ್ಥಿ.” ಸಾಬರು ಮೀಸೆ ತಿರುವಿ ಗಾಡಿ ಸ್ಟಾರ್ಟ್ ಮಾಡಿದರು.

“ತಡೀರಿ,” ಅಂದರು ಅಕ್ಕೋರು. ಪೊಲೀಸನತ್ತ ತಿರುಗಿ, “ಹೀಂಗ ಬಂದವರಿಗೆ ಏನ್ ಮಾಡ್ತೀಯಪಾ?”

“ಚಲಾನ್ ಹಾಕ್ತೀವಿ ಟೀಚರ್. ನಿಮಗೆ ಬೇಡ, ಹೋಗಿ.”

“ಪರೀಕ್ಷಾದಾಗ ಪರಿಚಯ ನೋಡಿ ಮಾರ್ಕ್ಸ್ ಹಾಕಿದ್ನೇನು ನಾ? ಹಾಕು.”

ಅವನು ಚಲಾನ್ ಹಾಕಿದ. ಸಾಬರು ಮುಂದಿನ ಸಿಗ್ನಲ್‌ನಲ್ಲಿ ಗಾಡಿ ನಿಲ್ಲಿಸಿದರು. ಆಮೇಲೆ ನನ್ನ ಕಡೆ ತಿರುಗಿ ದಖ್ಖನಿ ಉರ್ದುವಿನಲ್ಲಿ ಹೇಳಿದ್ದರ ಅರ್ಥ ಇಷ್ಟು: “ಅಣ್ಣಾ, ಪರಿಚಯ ಇಲ್ಲದವರನ್ನು ಕೂರಿಸಿಕೊಂಡಿದ್ದರೆ ಕೈಕಾಲು ಹಿಡಿದಾದರೂ ಬಿಡಿಸಿಕೊಳ್ಳುತ್ತಿದ್ದೆ.”

ಕಿವಿ

ಮಾದಾಪುರದ ಕೆಲವು ಇಂಜಿನಿಯರ್ ಹುಡುಗ ಹುಡುಗಿಯರು ಸಂಘಕ್ಕೆ ಸೇರಿದರು. ಮನಸ್ಸು ಚಿನ್ನ, ಟೈಮ್ ಇಲ್ಲ. “ಆಂಟಿ, ಟ್ರಾಫಿಕ್‌ನಲ್ಲೇ ಅರ್ಧ ದಿನ ಹೋಗುತ್ತೆ. ಆಫೀಸಿಂದಲೇ ವಿಡಿಯೋ ಕಾಲ್ ಮಾಡಿ ಕೂರ್ತೀವಿ,” ಅಂದರು. ಅಕ್ಕೋರು ಬೇಡ ಅನ್ನಲಿಲ್ಲ.

ಹೆಂಡತಿಯನ್ನು ಕಳೆದುಕೊಂಡು ಒಬ್ಬರೇ ಇದ್ದ ಅಜ್ಜ ಒಬ್ಬರಿಗೆ ಕಾಲ್ ಹೋಯಿತು. ಕೆಲಸದವಳು ಫೋನು ಹಚ್ಚಿ ಕೈಗೆ ಕೊಟ್ಟು ಬಜಾರಿಗೆ ಹೋದಳು. ಅಜ್ಜ ಫೋನನ್ನು ಕಿವಿಗೆ ಒತ್ತಿ ಹಿಡಿದುಕೊಂಡರು. ಅತ್ತ ಆಫೀಸಿನ ಗೋಡೆಯಷ್ಟಗಲದ ಪರದೆಯ ಮೇಲೆ ಕೂದಲು ಬೆಳೆದ ಒಂದು ಕಿವಿ ಮೂಡಿತು. ನಡುವೆ ಬಾಯಿ ಹಾಕಬಾರದು ಅನ್ನುವುದು ಸಂಘದ ನಿಯಮ. ಮಕ್ಕಳು ಕೈಕಟ್ಟಿ ಆ ಕಿವಿಯನ್ನೇ ನೋಡುತ್ತ ಕೂತರು. ಅಜ್ಜ ಹೆಂಡತಿ ಮಾಡುತ್ತಿದ್ದ ಹುಳಿಯಿಂದ ಹಿಡಿದು ಅವಳ ಕೊನೆಯ ದಿನದವರೆಗೂ ಹೇಳಿ ಮುಗಿಸಿದರು. ಭಾಳ ಛಲೋ ಹುಡುಗರು ಅಂತ ಅಕ್ಕೋರಿಗೆ ವರದಿಯನ್ನೂ ಕೊಟ್ಟರು.

ಇಂಜಿನಿಯರುಗಳು ಮಾತ್ರ ಸಪ್ಪಗಿದ್ದರು. “ಆಂಟಿ, ಎಲ್ಲಿ ತಪ್ಪಾಯ್ತು?”

“ತಪ್ಪೇನಿಲ್ಲವ್ವಾ,” ಅಂದರು ಅಕ್ಕೋರು. “ನಾವು ಹೋಗೂದು ಕಿವಿ ಕೊಡಾಕ. ನೀವು ಅವರ ಕಿವೀನ ಇಸಗೊಂಡ್ರಿ, ಅಷ್ಟ.”

ಮುಂದಿನ ಭಾನುವಾರ ಎಲ್ಲರೂ ಮೆಟ್ರೋ ಹತ್ತಿ ಬಂದರು.

ವಿಭೂತಿ

ಒಮ್ಮೆ ಹೊರದೇಶದಿಂದ ಒಬ್ಬ ಫಾದರ್ ಸಂಘವನ್ನು ನೋಡಲು ಬಂದರು. ನಾನು ದಿನಾ ಪೂಜೆ ಮುಗಿಸಿ ಹಣೆ ತುಂಬ ವಿಭೂತಿ ಹಚ್ಚಿಕೊಂಡೇ ಮೇಲೆ ಹೋಗುವುದು. ಅವರು ಮೊದಲ ದಿನ ನನ್ನ ಹಣೆ ನೋಡಿ ತಲೆ ಬಾಗಿಸಿದರು. ಎರಡನೇ ದಿನ ಇನ್ನೂ ಹೆಚ್ಚು ಬಾಗಿಸಿದರು. ಆಮೇಲಾಮೇಲೆ ನಾನು ಬಂದರೆ ಕುರ್ಚಿ ಬಿಟ್ಟು ಏಳತೊಡಗಿದರು.

ಕಡೆಗೆ ಅಕ್ಕೋರು ನಗುತ್ತ ವಿಷಯ ಹೇಳಿದರು. ಕ್ರೈಸ್ತರಲ್ಲಿ ವಿಭೂತಿ ಬುಧವಾರ ಅಂತ ವರ್ಷಕ್ಕೊಂದು ದಿನವಿದೆ. ಅವತ್ತು ಪಶ್ಚಾತ್ತಾಪಪಟ್ಟು ಹಣೆಗೆ ಬೂದಿ ಹಚ್ಚಿಕೊಂಡು ಉಪವಾಸ ಶುರು ಮಾಡುತ್ತಾರೆ. ನಾನು ವರ್ಷವಿಡೀ ಅದನ್ನು ಆಚರಿಸುವ ಮಹಾ ತಪಸ್ವಿ ಅಂತ ಫಾದರ್ ತಿಳಿದಿದ್ದರು. ಅಕ್ಕೋರು ಅವರಿಗೂ ತಿಳಿಸಿ ಹೇಳುತ್ತಿದ್ದಾಗಲೇ ನನ್ನ ಹೆಂಡತಿ ತಟ್ಟೆ ತುಂಬ ಬಿಸಿ ಮಿರ್ಚಿ ಭಜಿ ಕಳಿಸಿದಳು. ನಾನು ಕಾಯಲಿಲ್ಲ.

ಫಾದರ್ ನಾನು ತಿನ್ನುವುದನ್ನು ಸ್ವಲ್ಪ ಹೊತ್ತು ನೋಡಿ, ತಾವೂ ಒಂದು ಎತ್ತಿಕೊಂಡು ಇಂಗ್ಲಿಷಿನಲ್ಲಿ ಏನೋ ಅಂದರು. ಅಕ್ಕೋರು ಕನ್ನಡಕ್ಕೆ ತಿರುಗಿಸಿದರು: “ಉಪವಾಸ ಹೀಂಗಿದ್ರ ನಾನೂ ವರ್ಷಪೂರ್ತಿ ಮಾಡ್ತೀನಿ ಅನ್ನಾಕತ್ತಾರ.”

ಪರೀಕ್ಷೆ

ಯಾರೋ ಬಿಷಪ್ಪರ ಮನೆಗೆ ದೂರು ಮುಟ್ಟಿಸಿದರು. ಇದು ಹೆಸರಿಗೆ ಕಥೋಲಿಕ ಸಂಘ, ಸೇರಿದವರಲ್ಲಿ ಅರ್ಧ ಜನ ಗುಡಿಗೆ, ಮಸೀದಿಗೆ ಹೋಗುವವರು ಅಂತ. ಬಿಷಪ್ಪರು ಒಪ್ಪದಿದ್ದರೆ ಚರ್ಚಿನ ಹಾಲ್ ಸಿಗುವುದಿಲ್ಲ, ಸಂಘಕ್ಕೆ ಚರ್ಚಿನ ಹೆಸರೂ ಇರುವುದಿಲ್ಲ. ಎಂದೂ ಚಿಂತೆ ಮಾಡದ ಅಕ್ಕೋರು ಊಟ ಬಿಟ್ಟರು. “ಇಷ್ಟ ದಿನ ಮಾಡಿದ್ದು ನಮ್ಮ ದೇವರ ಕೆಲಸ ಅಲ್ಲ ಅಂದ್ರ, ನಾ ಯಾರ ಕೆಲಸ ಮಾಡಿದ್ನಿ ತಮ್ಮಾ?” ಅಂದರು. ನಾನು ಸಂಘದ ನಿಯಮದ ಪ್ರಕಾರ ಸುಮ್ಮನೆ ಕೂತೆ.

ವಿಚಾರಿಸಲು ಇಬ್ಬರು ಫಾದರ್‌ಗಳು ಹೇಳದೆ ಕೇಳದೆ ಬಂದರು. ಒಬ್ಬರು ಹಿರಿಯರು, ಬಳ್ಳಾರಿ ಕಡೆ ಇದ್ದು ಕನ್ನಡ ಬಲ್ಲವರು. ಇನ್ನೊಬ್ಬರು ತೆಲುಗಿನ ಯುವಕರು. ಅಕ್ಕೋರು ಆಗ ಕೂಕಟ್‌ಪಲ್ಲಿಯಲ್ಲಿ, ಕಟ್ಟಡದಿಂದ ಬಿದ್ದು ಕಾಲು ಮುರಿದುಕೊಂಡಿದ್ದ ಯಾದಗಿರಿಯ ಕೂಲಿಯವನ ಪಕ್ಕ ಕೂತಿದ್ದರು. ಮಗ ಸೊಸೆ ಕೆಲಸಕ್ಕೆ ಹೋಗಿದ್ದರು. ಅಕ್ಕೋರ ಮನೆಯಲ್ಲಿದ್ದವರು ನಾನು, ಆಟೋದ ಸಾಬರು, ಬತುಕಮ್ಮ ಹಬ್ಬದಲ್ಲಿ ಓಣಿಗೆಲ್ಲ ಮುಂದಾಳಾಗಿರುವ ಪಕ್ಕದ ಮನೆಯ ತೆಲುಗು ಅತ್ತೆಮ್ಮ.

“ನಿಮ್ಮಲ್ಲಿ ಕಥೋಲಿಕರು ಯಾರು?” ಯುವ ಫಾದರ್ ಕೇಳಿದರು.

ನಾವು ಮುಖ ಮುಖ ನೋಡಿಕೊಂಡೆವು. ಅತ್ತೆಮ್ಮ ತೆಲುಗಿನಲ್ಲಿ ವಿನಯದಿಂದ ಹೇಳಿದರು: “ಇದ್ದಾರೆ, ಈಗಷ್ಟೇ ಹೊರಗೆ ಹೋದರು.”

ಯುವ ಫಾದರ್ ಹುಬ್ಬು ಗಂಟಿಕ್ಕಿದರು. ನನಗೆ ಅಕ್ಕೋರ ಮುಖ ನೆನಪಾಯಿತು. “ನಿಮ್ಮ ಯೇಸುಸ್ವಾಮಿ ಕಲಿಸಿದ ಪ್ರಾರ್ಥನಾ ನನಗ ಪೂರ್ತಿ ಬರ್ತೈತ್ರಿ,” ಅಂದುಬಿಟ್ಟೆ. ಸುಳ್ಳಲ್ಲ. ಅಕ್ಕೋರ ಅಡುಗೆಮನೆಯ ಕಿಟಕಿಯ ಕೆಳಗೇ ನಮ್ಮ ಅಡುಗೆಮನೆಯ ಕಿಟಕಿ. ದಿನಾ ಮುಂಜಾನೆ ಅವರು ಗಟ್ಟಿಯಾಗಿ ಹೇಳುವುದನ್ನು ಕೇಳಿ ಕೇಳಿ ನನಗೆ ಬಾಯಿಪಾಠವಾಗಿತ್ತು.

“ಹೇಳ್ರಿ, ಕೇಳೂಣು,” ಅಂದರು ಹಿರಿಯರು.

ಕಣ್ಣು ಮುಚ್ಚಿ, ಕೈ ಮುಗಿದು, ಅಕ್ಕೋರ ರಾಗದಲ್ಲೇ ಶುರು ಮಾಡಿದೆ. ಸ್ವರ್ಗ ಬಂತು, ದೇವರ ರಾಜ್ಯ ಬಂತು, ದಿನದ ಅನ್ನವನ್ನು ಬೇಡುವ ಸಾಲೂ ಬಂತು. ಅದರ ಬೆನ್ನಿಗೇ ಅದೇ ಭಕ್ತಿಯಿಂದ, “ಯವ್ವಾ, ಕುಕ್ಕರ್ ಬಂದ್ ಮಾಡು, ತಳಾ ಹತ್ತತೈತಿ,” ಅಂತ ಹೇಳಿ, ಪಾಪಗಳ ಕ್ಷಮೆಗೆ ದಾಟಿ, ಆಮೆನ್‌ವರೆಗೆ ಒಂದೇ ಉಸಿರಿಗೆ ಮುಗಿಸಿದೆ.

ಕಣ್ಣು ತೆರೆದರೆ ಹಿರಿಯ ಫಾದರ್ ಕರವಸ್ತ್ರದಿಂದ ಕಣ್ಣು ಒರೆಸಿಕೊಳ್ಳುತ್ತಿದ್ದರು. ಭಕ್ತಿ ಮುಟ್ಟಿತು ಅಂದುಕೊಂಡು ಹಿಗ್ಗಿದೆ.

“ನಡುವ ಕುಕ್ಕರಿನ ಸಾಲು ಒಂದ್ ಬಂತಲ್ರಿ,” ಅಂದರು ಅವರು, ಹೇಗೋ ಉಸಿರು ಹಿಡಿದು.

ಆಗಲೇ ನನಗೂ ಹೊಳೆದದ್ದು. “ಅಕ್ಕೋರು ಸೊಸೀಗೆ ದಿನಾ ಅಲ್ಲೇ ಹೇಳ್ತಾರ್ರಿ,” ಅಂದೆ. “ನಾ ಒಂದಕ್ಷರ ಬಿಟ್ಟಿಲ್ಲ.”

ಅಷ್ಟರಲ್ಲಿ ಅಕ್ಕೋರು ಬೆವರುತ್ತ ಮೆಟ್ಟಿಲು ಹತ್ತಿ ಬಂದು, ಫಾದರ್‌ಗಳನ್ನು ನೋಡಿ ಬಾಗಿಲಲ್ಲೇ ನಿಂತರು. ಹಿರಿಯರು ಎದ್ದು ಹೋಗಿ ಅವರ ಕೈ ಹಿಡಿದರು. “ಕೆಳಗಿನ ಮನೀಯವರಿಗೆ ಬಾಯಿಪಾಠ ಆಗೂವಂಗ ಪ್ರಾರ್ಥನಾ ಮಾಡೋರು ನಮ್ಮಾಗ ಎಷ್ಟ ಮಂದಿ ಅದಾರ, ಅಕ್ಕೋರ? ಬಿಷಪ್ಪರಿಗೆ ನಾ ಹೇಳ್ತೀನಿ. ನೀವು ಊಟಾ ಮಾಡ್ರಿ.”

ಒಪ್ಪಿಗೆ ಬಂತು. ಚರ್ಚಿನ ಹಾಲ್‌ನಲ್ಲಿ ಕೃತಜ್ಞತೆಯ ಪೂಜೆ ಇಟ್ಟುಕೊಂಡೆವು. ಕೂಕಟ್‌ಪಲ್ಲಿಯ ಕೂಲಿಯವರೂ ಬಂದಿದ್ದರಿಂದ ಹಿರಿಯ ಫಾದರ್ ಕನ್ನಡದಲ್ಲೇ ನಡೆಸಿದರು. ಯೇಸುಸ್ವಾಮಿಯ ಆ ಪ್ರಾರ್ಥನೆಗೆ ಎಲ್ಲರೂ ಎದ್ದು ನಿಂತೆವು. ಅನ್ನ ಬೇಡುವ ಸಾಲು ಮುಗಿಸಿದ ಫಾದರ್ ಅವರ ಕಣ್ಣು ಅಕಸ್ಮಾತ್ ನನ್ನ ಮೇಲೆ ಬಿತ್ತು. ನಗು ತಡೆಯಲು ಅವರು ತುಟಿ ಕಚ್ಚಿಕೊಂಡರು, ಮುಂದಿನ ಮಾತು ಹೊರಡಲಿಲ್ಲ.

ಅವತ್ತು ನಾನು ಒಪ್ಪಿಸಿದ ಇಡೀ ಪ್ರಾರ್ಥನೆಯಲ್ಲಿ ಆಟೋದ ಸಾಬರಿಗೆ ಅರ್ಥವಾಗಿದ್ದದ್ದು ಒಂದೇ ಒಂದು ಶಬ್ದ. ಪಾಪ, ವಯಸ್ಸಾದವರು, ಮರೆತುಬಿಟ್ಟರು ಅಂದುಕೊಂಡು ಅವರು ಹಿಂದಿನ ಸಾಲಿನಿಂದ ಅಕ್ಕರೆಯಿಂದ ನೆನಪು ಮಾಡಿಕೊಟ್ಟರು:

“ಕುಕ್ಕರ್, ಫಾದರ್ ಸಾಬ್, ಕುಕ್ಕರ್.”