ನಮ್ಮ ಮನೆಯಲ್ಲಿ ಯಾವ ಫೋನೂ ಬಾಯಿ ಮುಚ್ಚುವಂತಿಲ್ಲ!

"ಇನ್ನು ಮೇಲೆ ಈ ಮನೆಯಲ್ಲಿ ನನ್ನ ಅಪ್ಪಣೆಯಿಲ್ಲದೆ ಯಾವ ಫೋನೂ, ಯಾವ ಕಂಪ್ಯೂಟರೂ ಬಾಯಿ ಮುಚ್ಚುವಂತಿಲ್ಲ!"

ಉಪ್ಪಿಟ್ಟಿನ ತಟ್ಟೆಯನ್ನು ಕೈಯಲ್ಲಿ ಹಿಡಿದು, ನಾಗಸಂದ್ರದ ನಮ್ಮ ಫ್ಲ್ಯಾಟಿನ ಹಾಲ್ ನಡುವೆ ನಿಂತು ನಾನು ಹೀಗೆ ಘೋಷಿಸಿದೆ. ಅಡುಗೆಮನೆಯಿಂದ ಹೆಂಡತಿ ಊರ್ಮಿಳಾಳ ತಲೆ ಹೊರಬಂತು.

"ನಿಮ್ಮ ಬಾಯಿಗೂ ಅದೇ ರೂಲ್ಸಾ? ಹಾಗಿದ್ರೆ ನಾನು ಅಕ್ಕನ ಮನೇಗೆ ಹೋಗ್ತೀನಿ."

ನನ್ನ ಕೋಪಕ್ಕೆ ಕಾರಣವಿತ್ತು. ಮಗಳು ಸುಕೃತಿ ಇಂಜಿನಿಯರಿಂಗ್ ಮುಗಿಸಿ ಕೆಲಸ ಹುಡುಕುತ್ತಿದ್ದಳು. ಎಲೆಕ್ಟ್ರಾನಿಕ್ ಸಿಟಿಯ ಒಂದು ಕಂಪನಿ ಅವಳನ್ನು ಕೊನೆಯ ಸುತ್ತಿನ ಇಂಟರ್‌ವ್ಯೂವರೆಗೂ ಕರೆತಂದಿತ್ತು. "ಮಧ್ಯಾಹ್ನ ಯಾವಾಗ ಬೇಕಾದರೂ ವಿಡಿಯೋ ಕರೆ ಮಾಡುತ್ತೇವೆ, ಸಿದ್ಧವಾಗಿರಿ" ಎಂದಿದ್ದರು. ಇವಳು ಸಿದ್ಧವಾಗಿದ್ದಳು. ಅವರು ಕರೆಯನ್ನೂ ಮಾಡಿದರು. ಆದರೆ ಲ್ಯಾಪ್‌ಟಾಪು, ಹುಡುಗಿ ಪರದೆ ತುಂಬ ಏನೋ ಪಾಠ ನೋಡುತ್ತಿದ್ದಾಳೆ, ತೊಂದರೆ ಕೊಡಬಾರದು ಎಂದು ತಾನೇ ತೀರ್ಮಾನಿಸಿ ಸದ್ದಡಗಿಸಿಕೊಂಡಿತು! ಫೋನನ್ನು ಮಗುಚಿ ಇಟ್ಟಿದ್ದಳು. ಮಗುಚಿ ಇಟ್ಟರೆ ಮೌನವ್ರತ ಎಂದು ಅದಕ್ಕೂ ಯಾರೋ ಪಾಠ ಹೇಳಿಕೊಟ್ಟಿದ್ದರು. ಕಂಪನಿ ಕರೆದೂ ಕರೆದೂ ಸುಮ್ಮನಾಯಿತು. ಸಂಜೆ ವಿಷಯ ಗೊತ್ತಾದಾಗ ಮಗಳು ಊಟ ಬಿಟ್ಟು ಗೋಡೆಯ ಕಡೆ ತಿರುಗಿ ಮಲಗಿದಳು. 

ಪುಣ್ಯಕ್ಕೆ, ಕ್ಷಮೆ ಕೇಳಿ ಬರೆದದ್ದಕ್ಕೆ ಕಂಪನಿಯವರು ಮತ್ತೊಂದು ಅವಕಾಶ ಕೊಟ್ಟರು. ಸೋಮವಾರ ಬೆಳಿಗ್ಗೆ. ಇದೇ ಕೊನೆ.

ನಾನು ಪೀಣ್ಯದ ಒಂದು ವಾಲ್ವ್ ಕಾರ್ಖಾನೆಯಲ್ಲಿ ಮೇಂಟೆನೆನ್ಸ್ ನೋಡಿಕೊಳ್ಳುವವನು. ಸೋರುವುದನ್ನು ಮುಚ್ಚಿಸುವುದೇ ನನ್ನ ಕಸುಬು. ಮುಚ್ಚಿಕೊಂಡದ್ದನ್ನು ತೆರೆಸುವುದು ನನಗೆ ಎಷ್ಟರ ಮಾತು! ಭಾನುವಾರವಿಡೀ ಕನ್ನಡಕ ಏರಿಸಿಕೊಂಡು ಕುಳಿತೆ. ಲ್ಯಾಪ್‌ಟಾಪಿನ ಸೆಟ್ಟಿಂಗ್ಸ್ ಹೊಕ್ಕು, ಅದು ಎಲ್ಲೆಲ್ಲಿ ಸುಮ್ಮನಾಗಬಹುದೋ ಅಲ್ಲೆಲ್ಲ ಅದರ ಸ್ವಾತಂತ್ರ್ಯ ಕಿತ್ತುಕೊಂಡೆ. ನನ್ನ ಫೋನಿಗಂತೂ ವಿಶೇಷ ಪೂಜೆಯೇ ನಡೆಯಿತು. ಧ್ವನಿ ಇಳಿಸಿದರೆ ತಾನೇ ಮತ್ತೆ ಏರಿಸಿಕೊಳ್ಳುವ ಒಂದು ಆ್ಯಪ್. ಬಂದ ಸಂದೇಶವನ್ನೆಲ್ಲ ಹೆಂಗಸಿನ ಧ್ವನಿಯಲ್ಲಿ, ಅಚ್ಚ ಕನ್ನಡದಲ್ಲಿ ಓದಿ ಹೇಳುವ ಇನ್ನೊಂದು ಆ್ಯಪ್. ಕಂಪನಿಯವರಿಗೆ ಮಗಳ ನಂಬರಿನ ಜೊತೆ ನನ್ನ ನಂಬರನ್ನೂ ಕೊಟ್ಟಿದ್ದೆವಲ್ಲ, ಅದಕ್ಕೇ ಇಷ್ಟು ಕಟ್ಟೆಚ್ಚರ!

"ಅಪ್ಪಾ, ನಿನ್ನ ಫೋನ್ ಮಾತ್ರ ನನ್ನ ರೂಮಲ್ಲಿ ಬೇಡ" ಎಂದಳು ಮಗಳು.

"ಆಯ್ತು ಪುಟ್ಟಿ" ಎಂದೆ.

ಆದರೆ ನಮ್ಮ ಮನೆಯಲ್ಲಿ ಸಿಗ್ನಲ್ ಸರಿಯಾಗಿ ಸಿಗುವುದೇ ಅವಳ ಕೋಣೆಯ ಬೀರುವಿನ ಮೇಲೆ. ಸೋಮವಾರ ಅವಳು ಸ್ನಾನಕ್ಕೆ ಹೋದಾಗ ಸ್ಟೂಲ್ ಹಾಕಿಕೊಂಡು ಹತ್ತಿ, ಫೋನನ್ನು ಹಳೆಯ ಸೂಟ್‌ಕೇಸಿನ ಹಿಂದೆ ಕಾವಲಿಗೆ ಕೂರಿಸಿದೆ. ಸ್ಟೂಲನ್ನು ಹಾಲ್‌ಗೆ ತಂದಿಟ್ಟೆ.

ಹನ್ನೊಂದಕ್ಕೆ ಸುಕೃತಿ ಇಸ್ತ್ರಿ ಮಾಡಿದ ಕುರ್ತಾ ಹಾಕಿಕೊಂಡು ಕೋಣೆಗೆ ಹೋಗಿ ಒಳಗಿನಿಂದ ಚಿಲಕ ಹಾಕಿಕೊಂಡಳು. ರಜೆ ಹಾಕಿ ಮನೆಯಲ್ಲೇ ಇದ್ದ ನಾನು ಬಾಗಿಲಿಗೆ ಕಿವಿಗೊಟ್ಟೆ. ಲ್ಯಾಪ್‌ಟಾಪ್ ಗಣಗಣ ಎಂದಿತು! ಕರೆ ಬಂತು! ನಾನು ಊರ್ಮಿಳಾಳ ಕಡೆ ದಿಗ್ವಿಜಯ ಮಾಡಿ ಬಂದವನಂತೆ ನೋಡಿದೆ. ಒಳಗೆ ಒಬ್ಬ ಹೆಂಗಸಿನ ಇಂಗ್ಲಿಷ್, ಮಗಳ ಇಂಗ್ಲಿಷ್, ಎಲ್ಲವೂ ಹೂವಿನಂತೆ ಸಾಗುತ್ತಿತ್ತು.

ಆಗ ಬೀರುವಿನ ಮೇಲಿಂದ ಅಶರೀರವಾಣಿಯಾಯಿತು.

"ಅಪಾರ್ಟ್‌ಮೆಂಟ್ ಗುಂಪಿನಿಂದ ಸಂದೇಶ. ಸಂಪಿನಲ್ಲಿ ನೀರು ಖಾಲಿ. ಟ್ಯಾಂಕರ್ ಬರುವ ತನಕ ಯಾರೂ ಬಟ್ಟೆ ಒಗೆಯಬೇಡಿ. ಕೈಮುಗಿದ ಚಿತ್ರ. ಕೈಮುಗಿದ ಚಿತ್ರ. ಗುಲಾಬಿ ಹೂವು."

ಒಳಗಿನ ಇಂಗ್ಲಿಷ್ ನಿಂತಿತು. ನನ್ನ ಎದೆಯೂ ನಿಂತಿತು.

"ಅದೇನ್ರೀ ಅದು?" ಊರ್ಮಿಳಾ ಪಿಸುಗುಟ್ಟಿದಳು.

"ನನ್ನ ಫೋನು."

"ಎಲ್ಲಿಟ್ಟಿದ್ದೀರಾ?"

"ಬೀರು ಮೇಲೆ."

ಅವಳು ನನ್ನನ್ನು ನೋಡಿದ ನೋಟಕ್ಕೆ ಸೂಕ್ತ ಪದ ಕನ್ನಡದಲ್ಲಿ ಇನ್ನೂ ಹುಟ್ಟಿಲ್ಲ.

ಒಳಗೆ ಸುಕೃತಿ "ಸಾರಿ ಮೇಡಂ" ಎಂದು ಮತ್ತೆ ಶುರು ಮಾಡಿದಳು. ಅಷ್ಟರಲ್ಲಿ ತುಮಕೂರಿನಿಂದ ಊರ್ಮಿಳಾಳ ಅಕ್ಕ ಶೈಲಶ್ರೀ ವಿಚಾರಿಸಿಕೊಂಡರು. ಅವರ ಕಾಳಜಿಯನ್ನು ನನ್ನ ಫೋನು ಅಕ್ಷರ ಬಿಡದೆ ಓದಿತು.

"ಶೈಲಕ್ಕನಿಂದ ಸಂದೇಶ. ಇಂಟರ್‌ವ್ಯೂ ಆಯಿತಾ? ಹೋದ ಸಲದ ಹಾಗೆ ನಿದ್ದೆ ಮಾಡಿಲ್ಲ ತಾನೆ? ಕೆಲಸ ಸಿಗದಿದ್ದರೂ ಚಿಂತೆ ಇಲ್ಲ, ತಿಪಟೂರಿನಲ್ಲಿ ಒಂದು ಗಂಡು ನೋಡಿದ್ದೇನೆ."

ಪ್ರತಿ ನವೆಂಬರಿನಲ್ಲಿ ಕಾರ್ಖಾನೆಯ ರಾಜ್ಯೋತ್ಸವದ ವೇದಿಕೆ ಹತ್ತಿ, ಬೆಂಗಳೂರಿನಲ್ಲಿ ಇರುವವರೆಲ್ಲ ಕನ್ನಡ ಕಲಿಯಬೇಕು ಎಂದು ಗುಡುಗುವವನು ನಾನು. ಅಂದು ಬಾಗಿಲಿಗೆ ಹಣೆ ಒತ್ತಿ ನಿಂತು ಬೇಡಿಕೊಂಡೆ: ದೇವರೇ, ಆ ಹೆಣ್ಣುಮಗಳಿಗೆ ಕನ್ನಡದ ಒಂದಕ್ಷರವೂ ಬಾರದಿರಲಿ!

"ನಿಂತ್ಕೊಂಡು ಏನ್ ನೋಡ್ತೀರಾ? ಏನಾದ್ರೂ ಮಾಡ್ರೀ!" ಎಂದಳು ಊರ್ಮಿಳಾ.

ಮಾಡಿದೆ! ಅವಳ ಫೋನು ಕಿತ್ತುಕೊಂಡು ಮಗಳಿಗೆ ಸಂದೇಶ ಕಳಿಸಿದೆ. ಗಾಬರಿಯಲ್ಲಿ ಬೆರಳು ಜಾರಿತು. ಸಂದೇಶ ಹೋದದ್ದು ಮಗಳಿಗಲ್ಲ, ನನ್ನದೇ ನಂಬರಿಗೆ.

"ಊರ್ಮಿಳಾ ಅವರಿಂದ ಸಂದೇಶ. ಪುಟ್ಟಿ, ಆ ಹಾಳು ಫೋನ್ ಬೀರು ಮೇಲಿದೆ. ಮೇಡಂಗೆ ಗೊತ್ತಾಗದ ಹಾಗೆ ಹತ್ತಿ ಆಫ್ ಮಾಡು."

ಒಳಗೆ ಯಾರೋ ಕೆಮ್ಮಿದರು. ಮಗಳೋ, ಮೇಡಮ್ಮೋ ತಿಳಿಯಲಿಲ್ಲ.

ಇನ್ನು ತಡೆಯಲಾಗಲಿಲ್ಲ. ಕಾರ್ಖಾನೆಯಲ್ಲಿ ಯಂತ್ರ ಹದ್ದು ಮೀರಿದರೆ ನಾವು ಮಾಡುವ ಕೆಲಸ ಒಂದೇ. ಓಡಿಹೋಗಿ ಮನೆಯ ಮೇನ್ ಸ್ವಿಚ್ ಇಳಿಸಿದೆ!

ಫ್ಯಾನ್ ನಿಂತಿತು. ಫ್ರಿಜ್ ನಿಂತಿತು. ವೈಫೈ ನಿಂತಿತು. ಅದರೊಂದಿಗೆ ಇಂಟರ್‌ವ್ಯೂ ನಿಂತಿತು. ನಿಲ್ಲದೆ ಉಳಿದದ್ದು ಒಂದೇ. ಬ್ಯಾಟರಿ ತುಂಬಿಸಿಕೊಂಡು ಕುಳಿತಿದ್ದ ನನ್ನ ಫೋನು ಕರೆಂಟಿಲ್ಲದ ಮನೆಯಲ್ಲಿ ಗಂಭೀರವಾಗಿ ನುಡಿಯಿತು: "ಶೈಲಕ್ಕನಿಂದ ಸಂದೇಶ. ಗಂಡಿನ ಫೋಟೋ."

ಚಿಲಕ ತೆರೆಯಿತು. ಸುಕೃತಿಯ ಕಣ್ಣುಗಳು ತುಂಬಿದ್ದವು, ಆದರೆ ಧ್ವನಿ ನಡುಗಲಿಲ್ಲ.

"ಅಪ್ಪಾ, ಸ್ಟೂಲ್ ತಾ."

ತಂದುಕೊಟ್ಟೆ. ಅವಳೇ ಹತ್ತಿ ಫೋನು ಇಳಿಸಿದಳು. ನಾನು ಸ್ವಿಚ್ ಎತ್ತಿದರೂ ವೈಫೈ ಡಬ್ಬ ಕಣ್ಣು ಮಿಟುಕಿಸುತ್ತಾ ಕುಳಿತಿತ್ತೇ ಹೊರತು ನೆಟ್ ಬರಲಿಲ್ಲ. ಅವಳ ಫೋನಿನಲ್ಲಿ ಒಂದು ಗೆರೆಯೂ ಸಿಗ್ನಲ್ ಇಲ್ಲ. ಊರ್ಮಿಳಾಳ ಫೋನಿಗೆ ಡೇಟಾ ಹಾಕಿಸಿಯೇ ಇರಲಿಲ್ಲ. ಇನ್ನು ಉಳಿದದ್ದು, ಹಾಲ್‌ನಲ್ಲೂ ಒಂದೆರಡು ಗೆರೆ ಸಿಗ್ನಲ್ ಹಿಡಿಯುತ್ತಿದ್ದ ಅದೇ ಬಾಯಿಬಡುಕ ಫೋನು!

"ಇದ್ರಿಂದಾನೇ ಹಾಟ್‌ಸ್ಪಾಟ್ ತಗೋತೀನಿ. ಇದನ್ನ ಆಫ್ ಮಾಡೋ ಹಾಗಿಲ್ಲ. ಆದ್ರೆ ಇದು ಮಾತಾಡೋ ಹಾಗೂ ಇಲ್ಲ. ಏನ್ ಮಾಡ್ತೀಯೋ ಗೊತ್ತಿಲ್ಲ" ಎಂದು ನನ್ನ ಕೈಗೆ ಕೊಟ್ಟು ಒಳಗೆ ಓಡಿದಳು.

ಧ್ವನಿ ಇಳಿಸಿದೆ. ಆ್ಯಪ್ ಏರಿಸಿತು. ಮತ್ತೆ ಇಳಿಸಿದೆ. ಮತ್ತೆ ಏರಿಸಿತು. ಊರ್ಮಿಳಾ ಫೋನು ಕಸಿದು ಸೋಫಾದ ಮೇಲಿಟ್ಟು, ಅದರ ಮೇಲೆ ದಿಂಬು, ದಿಂಬಿನ ಮೇಲೆ ರಗ್ಗು, ರಗ್ಗಿನ ಮೇಲೆ ನನ್ನನ್ನು ಕೂರಿಸಿದಳು. ಕೋಳಿ ಕಾವಿಗೆ ಕೂತಂತೆ ಕೂತೆ. ಒಳಗೆ ಇಂಗ್ಲಿಷ್ ಮತ್ತೆ ಶುರುವಾಯಿತು. ನನ್ನ ಕೆಳಗಿನಿಂದ ಮಾತ್ರ, "ಕ್ಯೈಂ... ಕ್ಯೈಂ... ಗುಲಾಬಿ..."

"ಅಪ್ಪಾ! ನೆಟ್ ನಿಂತೋಯ್ತು! ಸ್ವಲ್ಪ ಏಳು!" ಬಾಗಿಲ ಸಂದಿಯಿಂದ ಇಣುಕಿದ ಮಗಳ ಕೂಗು.

ಎದ್ದೆ. "ಟ್ಯಾಂಕರ್ ಗೇಟಿನ ಬಳಿ ಬಂದಿದೆ!" ಎಂದಿತು ಫೋನು.

"ಕೂತ್ಕೊಳ್ರೀ!" ಎಂದಳು ಊರ್ಮಿಳಾ.

ಕೂತೆ. "ಅಪ್ಪಾ ಏಳು!" ಎದ್ದೆ. "ಕೈಮುಗಿದ ಚಿತ್ರ!" ಕೂತೆ. ಇಂಟರ್‌ವ್ಯೂ ಮುಗಿಯುವಷ್ಟರಲ್ಲಿ ನನ್ನ ಮಂಡಿಚಿಪ್ಪು ಹೇಳದೆ ಕೇಳದೆ ನಿವೃತ್ತಿ ಪಡೆದಿತ್ತು. ಒಂದು ಕರೆ ತಪ್ಪಬಾರದು ಎಂದು ಹೊರಟವನು ಇಡೀ ಮನೆಗೆ ಕರೆಕರೆಯಾಗಿ ಕುಳಿತಿದ್ದೆ!

ಸುಕೃತಿ ಹೊರಗೆ ಬಂದು ನೀರು ಕುಡಿದಳು.

"ಹೇಗಾಯ್ತು ಪುಟ್ಟಿ?"

"ಗೊತ್ತಿಲ್ಲ ಅಪ್ಪಾ. ಮೇಡಂ ಕೊನೇಲಿ ಏನೂ ಹೇಳ್ಲಿಲ್ಲ. ಬರೀ ಬಾಯಿಗೆ ಕರ್ಚೀಫ್ ಒತ್ಕೊಂಡು ಕೂತಿದ್ರು."

ಬೈದಿದ್ದರೆ ಸಮಾಧಾನವಾಗುತ್ತಿತ್ತು. ಅವಳು ಬೈಯಲಿಲ್ಲ. ಮುಂದಿನ ದಿನಗಳಲ್ಲಿ ನನಗೆ ಅನ್ನ ಸೇರಲಿಲ್ಲ. ಕಾರ್ಖಾನೆಯಲ್ಲಿ ಬಲಕ್ಕೆ ತಿರುಗಿಸಬೇಕಾದ ವಾಲ್ವನ್ನು ಎಡಕ್ಕೆ ತಿರುಗಿಸಿ ಮೈಯೆಲ್ಲ ತೋಯಿಸಿಕೊಂಡೆ. ಮಗಳು ಫೋನ್ ಕಡೆ ನೋಡಿದಾಗಲೆಲ್ಲ ನಾನು ನೆಲ ನೋಡುತ್ತಿದ್ದೆ. ಊರ್ಮಿಳಾ ಮಾತ್ರ ಒಮ್ಮೆ, "ನಿಮ್ಮಪ್ಪ ಹೆಸರಿಡೋವಾಗ ಸ್ವಲ್ಪ ತಪ್ಪಿದಾರೆ ಕಣ್ರೀ. ಗೋಪಾಲಕೃಷ್ಣ ಅಲ್ಲ, ಗೋಳುಪಾಲಕೃಷ್ಣ" ಎಂದಳು. 

ಶುಕ್ರವಾರ ಸಂಜೆ ಚಹಾ ಕುಡಿಯುತ್ತಿದ್ದಾಗ ಮಗಳ ಫೋನು ರಿಂಗಾಯಿತು. ಅವಳು ಕಿವಿಗಿಟ್ಟು "ಎಸ್ ಮೇಡಂ... ಎಸ್ ಮೇಡಂ..." ಎನ್ನುತ್ತಾ ಎದ್ದು ನಿಂತಳು. ಆಮೇಲೆ ಅಮ್ಮನ ತೋಳು ಹಿಡಿದುಕೊಂಡಳು. ಆಮೇಲೆ ಅತ್ತಳು. ನನಗೆ ಜೀವವೇ ಹೋದಂತಾಯಿತು.

"ಸಿಕ್ತು ಅಮ್ಮಾ! ಕೆಲಸ ಸಿಕ್ತು!"

ಊರ್ಮಿಳಾ ದೇವರ ಮನೆಗೆ ಓಡಿದಳು. ನಾನು ಕಣ್ಣೊರೆಸಿಕೊಳ್ಳುವಷ್ಟರಲ್ಲಿ ಸುಕೃತಿ ಸ್ಪೀಕರ್ ಹಾಕಿ ಫೋನನ್ನು ನನ್ನ ಮುಂದೆ ಹಿಡಿದಳು. "ಶಾಂಭವಿ ಮೇಡಂ ನಿನ್ನ ಹತ್ರ ಮಾತಾಡ್ಬೇಕಂತೆ."

ನಾನು ಗಂಟಲು ಸರಿಮಾಡಿಕೊಂಡು, ಕಲಿತ ಇಂಗ್ಲಿಷನ್ನೆಲ್ಲ ಒಟ್ಟುಗೂಡಿಸಿ, "ಗುಡ್ ಈವ್ನಿಂಗ್ ಮೇಡಂ" ಎಂದೆ.

"ನಮಸ್ಕಾರ್ರೀ ಸರ್!" ಎಂದಿತು ಆ ಕಡೆಯ ಧ್ವನಿ. "ನಾವು ಬಾಗಲಕೋಟಿಯವ್ರು."

ನನ್ನ ಕೈಯ ಚಹಾ ಪಂಚೆಗೆ ಇಳಿಯಿತು. ಎಲ್ಲ ಕೇಳಿಸಿದೆ! ಎಲ್ಲ ಅರ್ಥವಾಗಿದೆ! ತಿಪಟೂರಿನ ಗಂಡಿನವರೆಗೆ!

"ನಿಮ್ಮ ಮಗಳು ಭಾಳ ಶಾಣ್ಯಾಕಿ ಅದಾಳ್ರಿ. ಅಷ್ಟ ಗದ್ದಲದಾಗೂ ಒಂದು ಪ್ರಶ್ನೆನೂ ಬಿಡ್ಲಿಲ್ಲ. ಎಂಥಾ ಕಸ್ಟಮರ್ ಬಂದ್ರೂ ತಡ್ಕೊಂತಾಳ ಅಂತ ಗ್ಯಾರಂಟಿ ಆತು ನಮಗ."

"ತುಂಬಾ ಸಂತೋಷ ಮೇಡಂ" ಎಂದೆ. ಎದೆ ಮತ್ತೆ ಉಬ್ಬತೊಡಗಿತು. ಹಾಗೆ ನೋಡಿದರೆ ಇದರಲ್ಲಿ ನನ್ನ ಪಾಲೂ ಇತ್ತಲ್ಲ! ಅದೇ ಧೈರ್ಯದಲ್ಲಿ ಕೇಳಿಯೇಬಿಟ್ಟೆ: "ಮೇಡಂ, ನಾಗಸಂದ್ರದಿಂದ ಎಲೆಕ್ಟ್ರಾನಿಕ್ ಸಿಟಿ ಅಂದ್ರೆ ಊರಿನ ಈ ತುದಿಯಿಂದ ಆ ತುದಿ. ನಿಮ್ಮಲ್ಲಿ ವರ್ಕ್ ಫ್ರಂ ಹೋಮ್ ಇದೆಯಂತಲ್ಲ?"

"ಐತ್ರೀ ಸರ್" ಎಂದರು ಶಾಂಭವಿ. "ಎಲ್ಲಾರಿಗೂ ಐತಿ. ನಿಮ್ಮ ಮನಿ ಒಂದ್ ಬಿಟ್ಟು!"