ಒತ್ತೆಗೆ ಎಡಗಾಲಿನ ಶೂ

ನಾನು: ಆ ಶೂ ಮೊದ್ಲು ಮೊಳೆಯಿಂದ ಇಳಿಸಿ ಅತ್ತೆ! ಯಾರಾದ್ರೂ ನೋಡಿದ್ರೆ ಏನಂದ್ಕೋತಾರೆ?

ಅತ್ತೆ: ಶೂ ಅಂದ್ಕೊಂತಾರ. ಮತ್ತೇನು ಕುಂಬಳಕಾಯಿ ಅಂದ್ಕೊಂತಾರೇನು?

ನಾನು: ಗಿರಾಕಿ ಕಾಲಿಂದ ಶೂ ಕಿತ್ತು ಗೋಡೆಗೆ ನೇತು ಹಾಕೋದಾ! ಬೇರೆ ಅಂಗಡಿಗಳಲ್ಲಿ ಆಧಾರ್ ಕಾರ್ಡ್ ಇಟ್ಕೋತಾರೆ.

ಅತ್ತೆ: ಕಾರ್ಡಿನಾಗಿನ ಮುಖ ಯಾರ ಮುಖಕ್ಕೂ ಹೊಂದಂಗಿಲ್ಲ ಗಂಗೂ. ನನ್ನ ಕಾರ್ಡಿನಾಗ ನಾನೇ ಯಾರೋ ಕಳ್ಳಿ ಕಂಡಂಗ ಕಾಣ್ತೀನಿ. ಶೂ ಹಂಗಲ್ಲ. ಅವನ ಕಾಲಿಗೆ ಅವಂದೇ ಹೊಂದತೈತಿ.

ಕಡ್ಡಿರಾಂಪುರದ ರಸ್ತೆಬದಿಯಲ್ಲಿ ನಮ್ಮದೊಂದು ಬಾಡಿಗೆ ಸೈಕಲ್ ಅಂಗಡಿ. ಹಂಪಿ ನೋಡಲು ಬಂದವರಿಗೆಂದು ಹನ್ನೊಂದು ಸೈಕಲ್‌ಗಳಿವೆ. ನನ್ನ ಗಂಡ ಮೌನೇಶ್ ಟ್ಯೂಬು ತರಲು ಹೊಸಪೇಟೆಗೆ ಹೋದ ದಿನ ಅಂಗಡಿಯ ಅಧಿಕಾರವೆಲ್ಲ ಅತ್ತೆ ಭರಮಮ್ಮನವರದು. ಅತ್ತೆ ಮೂವತ್ತು ವರ್ಷ ಒಂದು ಗುಡಿಯ ಮುಂದೆ ಭಕ್ತರ ಚಪ್ಪಲಿ ಕಾದವರು. ಮನುಷ್ಯ ಮೊಬೈಲು ಮರೆತು ಹೋಗುತ್ತಾನೆ, ಹೆಂಡತಿಯನ್ನು ಮರೆತು ಹೋಗುತ್ತಾನೆ, ಚಪ್ಪಲಿ ಬಿಟ್ಟು ಮಾತ್ರ ಹೋಗುವುದಿಲ್ಲ ಎಂಬುದು ಅವರ ಮೂವತ್ತು ವರ್ಷದ ಅನುಭವ.

ನಾನು: ಅವನು ಫೋನಲ್ಲಿ ನಮ್ಮ ಅಂಗಡಿಗೆ ಒಂದೇ ಒಂದು ಸ್ಟಾರ್ ಕೊಡ್ತಾನೆ. ‘ಶೂ ಕಳ್ಳರು’ ಅಂತ ಬರೀತಾನೆ. ಊರೂರಿಗೆ ಗೊತ್ತಾಗತ್ತೆ.

ಅತ್ತೆ: ಒಂದು ಕೊಟ್ರ ಒಂದು ಇಸ್ಕೊಳ್ಳೋಣು. ಒಬ್ಬೊಬ್ಬರು ಅದೂ ಕೊಡಂಗಿಲ್ಲ.

ನಾನು: ಅಯ್ಯೋ, ಪೊಲೀಸರಿಗೆ ಹೇಳಿದ್ರೆ?

ಅತ್ತೆ: ಒಂದೇ ಕಾಲಿಂದು ಯಾವ ಕಳ್ಳ ಕದೀತಾನ? ಪೊಲೀಸರು ಅವನ್ನೇ ಬೈತಾರ.

ನಾನು ತಲೆಯ ಮೇಲೆ ಕೈಹೊತ್ತು ಕುಳಿತೆ. ತಲೆಯ ಮೇಲೆಯೇ, ಅಂಗಡಿಯ ಜಂತಿಯಲ್ಲಿ, ನಮ್ಮ ಎಂಟು ವರ್ಷದ ಹೇಮಾಳ ಕೆಂಪು ಸೈಕಲ್ ಹಗ್ಗದಲ್ಲಿ ನೇತಾಡುತ್ತಿತ್ತು. ನೇತು ಹಾಕಿದವಳು ನಾನೇ. ಒಂಬತ್ತು ದಿನದ ಹಿಂದೆ, ಶಾಲೆಗೆ ಹೋಗುವ ಕಾಲುವೆ ದಂಡೆಯ ದಾರಿಯಲ್ಲಿ, ಯಾರೋ ಪ್ರವಾಸಿಗರು ಒಡೆದು ಬಿಟ್ಟುಹೋದ ಬಾಟಲಿಯ ಗಾಜು ಟೈರಿಗೆ ಚುಚ್ಚಿ ಮಗು ಬಿದ್ದು ಮಂಡಿ ತರಚಿಕೊಂಡಿತು. ಆ ದಾರಿಯಲ್ಲಿ ಒಂದು ಚೂರೂ ಗಾಜಿಲ್ಲವೆಂದು ನನಗೆ ಖಾತ್ರಿಯಾಗುವವರೆಗೆ ಸೈಕಲ್ ಕೆಳಗಿಳಿಯುವುದಿಲ್ಲ ಎಂದು ಅವತ್ತೇ ತೀರ್ಪು ಕೊಟ್ಟೆ. ಅಂದಿನಿಂದ ಹೇಮಾ ನನ್ನ ಜತೆ ಮಾತು ಬಿಟ್ಟಿದ್ದಾಳೆ. ಉಪ್ಪಿಟ್ಟಿಗೆ ಉಪ್ಪು ಕಡಿಮೆಯಾದರೆ ಅಜ್ಜಿಗೆ ಹೇಳುತ್ತಾಳೆ, ಅಜ್ಜಿ ನನಗೆ ಹೇಳುತ್ತಾರೆ. ನಾನು ದಿನಾ ಬೆಳಿಗ್ಗೆ ಪೊರಕೆ ಹಿಡಿದು ದಾರಿ ಗುಡಿಸಿ ಬರುತ್ತೇನೆ. ಸಂಜೆಯೊಳಗೆ ಮತ್ಯಾರೋ ಬಂದು ಮತ್ತೊಂದು ಒಡೆದಿರುತ್ತಾರೆ.

ಅತ್ತೆ: ನೋಡವಾ, ಇವತ್ತು ನೀನು ಗುಡಿಸಿ ಬಂದ ಮ್ಯಾಲ ಆ ದಾರಿಗೆ ಹೋದವ ಇವನೊಬ್ಬನೇ. ಹೋಗೂವಾಗ ಸೈಕಲ್ ಬುಟ್ಟಿಯಾಗ ಮೂರು ಬಾಟ್ಲಿ, ಮೂರು ಚಿಪ್ಸು. ಬರೂವಾಗ ಬುಟ್ಟಿ ಬೋಳು! ಚೀಲ ಕೊಟ್ಟು ವಾಪಸ್ ಓಡ್ಸೇನಿ. ಒಯ್ದದ್ದೆಲ್ಲಾ ತಂದ್ರ ಶೂ. ತರಲಿಲ್ಲಂದ್ರ ಹೇಮಾನ ಸೈಕಲ್ಲು ಮ್ಯಾಲೇ, ಇವನ ಶೂನೂ ಮ್ಯಾಲೇ.

ಅಷ್ಟರಲ್ಲಿ ಅವನೇ ಸೈಕಲ್ ತುಳಿದುಕೊಂಡು ಬಂದ. ಬಸವಕುಮಾರ್ ಎಂದು ಪುಸ್ತಕದಲ್ಲಿ ಸಹಿ ಮಾಡಿದ್ದ, ಬೆಂಗಳೂರಿನವನು. ಬಲಗಾಲಿಗೆ ಬಿಳಿಯ ಶೂ, ಎಡಗಾಲಿಗೆ ಅತ್ತೆ ದಯಪಾಲಿಸಿದ ಮೌನೇಶನ ನೀಲಿ ಹವಾಯಿ ಚಪ್ಪಲಿ. ಬೆನ್ನ ಮೇಲೆ ಉಬ್ಬಿದ ಗೋಣಿಚೀಲ.

ಬಸವಕುಮಾರ್: ಅಜ್ಜೀ, ಟಾಸ್ಕ್ ಮುಗೀತು!

ನಾನು: ಸರ್, ದಯವಿಟ್ಟು ತಪ್ಪು ತಿಳ್ಕೋಬೇಡಿ. ವಯಸ್ಸಾದವರು...

ಬಸವಕುಮಾರ್: ತಪ್ಪಾ? ಐಡಿಯಾ ಸೂಪರ್ ಮೇಡಂ! ಎಡಗಾಲಿನ ಶೂ ಬಿಟ್ಟು ಹಂಪಿಗೆ ಹೋಗೋದು ವಿಜಯನಗರ ಕಾಲದ ಪದ್ಧತಿ ಅಂತ ಫೋಟೋ ಹಾಕಿದೀನಿ. ಆಗ್ಲೇ ಇನ್ನೂರು ಲೈಕು. ಕುಣಿಗಲ್ಲಿಂದ ಒಂದು ಫ್ಯಾಮಿಲಿ ನಾವೂ ಬರ್ತೀವಿ ಅಂತಿದೆ.

ಅತ್ತೆ: ಯಾವ ಕಾಲದ್ದೂ ಅಲ್ಲೋ ತಮ್ಮಾ. ಇವತ್ತು ಮುಂಜಾನಿದು.

ಬಸವಕುಮಾರ್: ಹಾಗಾದ್ರೆ ಈ ಕಸ ಆರಿಸೋದು? ಪ್ಯಾಕೇಜಲ್ಲಿ ಸೇರಿದ್ದಲ್ವಾ?

ಅತ್ತೆ: ನೀನು ಒಗದದ್ದು ನೀನು ಆರಿಸಿದ್ರ ಅದೆಂಥಾ ಪ್ಯಾಕೇಜು? ಸುರಿ ಇಲ್ಲೆ.

ಅವನು ಚೀಲ ಸುರಿದ. ಮೂರು ಚಿಪ್ಸ್ ಕವರು, ಎರಡು ಖಾಲಿ ಬಾಟಲಿ, ಕಲ್ಲು ತುಂಬಿ ದಾರ ಕಟ್ಟಿದ ಒಂದು ಪ್ಲಾಸ್ಟಿಕ್ ಡಬ್ಬಿ, ಒಂದು ಹರಕು ಅಂಗಿ, ಒಂದು ಬಟ್ಟೆಯ ಗಂಟು.

ಅತ್ತೆ: (ಅಂಗಿ ಎತ್ತಿ ಹಿಡಿದು) ಇದೆಲ್ಲಿ ಸಿಕ್ತು?

ಬಸವಕುಮಾರ್: ಜೋಳದ ಹೊಲದಲ್ಲಿ ಯಾರೋ ಒಂದು ಕೋಲಿಗೆ ಸಿಕ್ಕಿಸಿ ಬಿಸಾಕಿದ್ರು. ಛೇ, ಏನ್ ಜನ!

ಅತ್ತೆ: ಅದು ಆ ಹೊಲದ ಮೂಕಣ್ಣನ ಬೆದರುಬೊಂಬಿ! ಈಗ ಹೊಲದಾಗ ಬರೀ ಮೈಲೆ ನಿಂತೈತಿ. ಈ ಡಬ್ಬಿ ಗಿಣಿ ಓಡಸಾಕ ಕಟ್ಟಿದ್ದು. ಈ ಗಂಟು?

ಬಸವಕುಮಾರ್: ಬೇವಿನ ಮರದ ಕೊಂಬೆಗೆ ಎಸೆದಿದ್ರು ಅಜ್ಜಿ. ತೆಗೆಯೋಕೆ ಮರ ಹತ್ತಿದೆ.

ಅತ್ತೆ ಗಂಟು ಬಿಚ್ಚಿದರು. ನಾಲ್ಕು ಜೋಳದ ರೊಟ್ಟಿ, ಬದನೆಕಾಯಿ ಪಲ್ಯ, ಒಂದು ಈರುಳ್ಳಿ.

ಅತ್ತೆ: ಮೂಕಣ್ಣನ ಬುತ್ತಿ! ಇರುವಿ ಹತ್ತಬಾರ್ದಂತ ಮ್ಯಾಲ ಕಟ್ಟಿದ್ದ. ಈಗ ಅವ ಗಿಡದ ಕೆಳಗ ನಿಂತು ಮಂಗ್ಯಾಗಳಿಗೆ ಬೈಕೊಂತ ಇರ್ತಾನ.

ಬಸವಕುಮಾರ್: ಅಲ್ಲಾ ಅಜ್ಜಿ, ಕಸ ಯಾವುದು, ಸಾಮಾನು ಯಾವುದು ಅಂತ ನಮಗೆ ಹೇಗೆ ಗೊತ್ತಾಗ್ಬೇಕು?

ಅತ್ತೆ: ಭಾಳ ಸುಲಭ. ನೋಡಿದ ಕೂಡ್ಲೆ ನಿನ್ನ ನೆನಪಾದ್ರ ಅದು ಕಸ.

ನಾನು: ಅತ್ತೆ! ಸರ್, ಮನಸ್ಸಿಗೆ ಹಚ್ಕೋಬೇಡಿ. ಕಾಫಿ ಕುಡೀತೀರಾ? ಶೂ ಈಗ್ಲೇ ಕೊಟ್ಬಿಡ್ತೀವಿ...

ಅತ್ತೆ: ಮೂರನೇ ಬಾಟ್ಲಿ ಎಲ್ಲೈತಿ?

ಬಸವಕುಮಾರ್ ನೆಲ ನೋಡಿದ. ಪ್ಯಾಂಟಿನ ಜೇಬಿನಿಂದ ಕರವಸ್ತ್ರದ ಒಂದು ಗಂಟು ತೆಗೆದು ಬೆಂಚಿನ ಮೇಲೆ ಇಟ್ಟ. ಗಂಟು ‘ಕಿಣಿ’ ಎಂದಿತು.

ಬಸವಕುಮಾರ್: ಒಬ್ನೇ ಇದ್ದೆ. ಬೇಜಾರಾಯ್ತು. ಬಾಟ್ಲಿನ ಕಾಲುವೆ ಕಟ್ಟೆ ಮೇಲಿಟ್ಟು ಕಲ್ಲಲ್ಲಿ ಗುರಿ ಹೊಡೆದೆ. ಬರೀ ಹಣ್ಣಿನ ರಸದ ಬಾಟ್ಲಿ ಮೇಡಂ.

ಅತ್ತೆ: ಹಣ್ಣಿನ ರಸಕ್ಕ ಅಷ್ಟು ದೊಡ್ಡ ದನಿಲೆ ಹಾಡ್ಕೊಂತ ಬಂದೇನು?

ಬಸವಕುಮಾರ್: ಎಲ್ಲಾ ಚೂರೂ ತಂದಿದೀನಿ ಅಜ್ಜಿ. ಮೊಣಕಾಲೂರಿ ಆರಿಸಿದೀನಿ. ನಾಲ್ಕೂವರೆಗೆ ಬಸ್ಸು. ಶೂ ಕೊಡಿ.

ನಾನು: ಕೊಟ್ಬಿಡಿ ಅತ್ತೆ, ಪಾಪ. ಎಲ್ಲಾ ತಂದಿದಾರಂತೆ...

ಎಂದವಳು ಅಲ್ಲಿಗೇ ನಿಲ್ಲಿಸಿದೆ. ಎಲ್ಲಾ ಎಂದರೆ ಎಲ್ಲಾ ಎಂದು ಹೇಗೆ ನಂಬುವುದು? ಅಂಗಡಿಯ ಹಿಂದಿನ ನಮ್ಮ ಅಡುಗೆಮನೆಗೆ ಹೋಗಿ ಇಕ್ಕಳ ತಂದೆ. ಬೆಂಚಿನ ಮೇಲೆ ಹಳೇ ಪೇಪರು ಹಾಸಿ, ಸೈಕಲ್ ಟ್ಯೂಬಿಗೆ ಹಚ್ಚುವ ಅಂಟು ಇಟ್ಟುಕೊಂಡು, ಗಾಜಿನ ಚೂರುಗಳನ್ನು ಒಂದೊಂದಾಗಿ ಜೋಡಿಸತೊಡಗಿದೆ. ತಳ ಬಂತು. ಹೊಟ್ಟೆ ಬಂತು. ಕತ್ತು ಬಂತು.

ಬಸವಕುಮಾರ್: (ಪಿಸುದನಿಯಲ್ಲಿ) ಅಜ್ಜಿ, ಮೇಡಂ ಏನ್ ಮಾಡ್ತಿದಾರೆ?

ಅತ್ತೆ: ಸುಮ್ಕ ಕುಂದ್ರು ತಮ್ಮಾ. ಆಕಿ ಪಟ್ಟಣದ ಸಾಲಿ ಕಲ್ತಾಕಿ.

ಇಪ್ಪತ್ತು ನಿಮಿಷದಲ್ಲಿ ಬಾಟಲಿ ಎದ್ದು ನಿಂತಿತು. ಕತ್ತಿನ ಕೆಳಗೆ ಮಾತ್ರ ಮೂರು ಮೂಲೆಯ ಒಂದು ತೂತು, ಹೆಬ್ಬೆರಳಿನ ಉಗುರಿನಷ್ಟು. ಆ ಉಗುರಿನಷ್ಟು ಗಾಜು ಈಗ ಕಾಲುವೆ ದಂಡೆಯಲ್ಲಿ ಮಲಗಿ, ನನ್ನ ಮಗಳ ಟೈರಿಗಾಗಿಯೇ ಕಾಯುತ್ತಿದೆ. ಅತ್ತೆ ಆಗಲೇ ಮೊಳೆಯಿಂದ ಶೂ ಇಳಿಸಿ ಅವನ ಕೈಗೆ ಕೊಡುತ್ತಿದ್ದರು. ನಾನು ಹಾರಿ ಕಿತ್ತುಕೊಂಡೆ.

ನಾನು: ಕೊಡಂಗಿಲ್ಲ!

ಅತ್ತೆ: ಯವ್ವಾ! ಏನಾತೀಗ?

ನಾನು: ಒಂದು ಚೂರು ಕಡಿಮೆ ಇದೆ. ನೋಡಿ, ತೂತಿನಿಂದ ನನ್ನ ಬೆರಳು ಆಚೆ ಬರ್ತಿದೆ.

ಬಸವಕುಮಾರ್: ಮೇಡಂ, ಅಷ್ಟು ಚಿಕ್ಕದು ಎಲ್ಲೋ ಕಾಲುವೆಗೆ ಬಿದ್ದಿರುತ್ತೆ ಬಿಡಿ.

ನಾನು: ಬಿದ್ದಿರುತ್ತೆ ಅಂದ್ರೆ? ನೀವು ನೋಡಿದ್ರಾ? ದಾರಿಯಲ್ಲಿದ್ರೆ? ಟೈರಿಗೆ ಚುಚ್ಚಿದ್ರೆ? ಮಗು ಬಿದ್ರೆ? ಬಿದ್ದಾಗ ಹಿಂದಿನಿಂದ ಜೀಪು ಬಂದ್ರೆ? ಜೀಪಿನ ಸದ್ದಿಗೆ ದರೋಜಿ ಕರಡಿಧಾಮದಿಂದ ಕರಡಿ ಬಂದ್ರೆ?

ಅತ್ತೆ: ಲೇ ಗಂಗೂ, ಕರಡಿ ಅಷ್ಟು ದೂರದಿಂದ ಬರಬೇಕಂದ್ರ ಅದಕ್ಕೂ ನಮ್ಮಲ್ಲೇ ಒಂದು ಸೈಕಲ್ ಬೇಕು. ಕೊಡವಾ ಶೂ, ಹೋಗ್ಲಿ ಪಾಪ. ಅಲ್ಲೆ ಮೂಕಣ್ಣ ಉಪವಾಸ ಅದಾನ.

ನಾನು: ಬಲಗಾಲಿಂದೂ ಬಿಚ್ಚಿ ಸರ್.

ಬಸವಕುಮಾರ್: ತಪ್ಪು ತಿಳ್ಕೋಬೇಡಿ ಅಂತಿದ್ರಲ್ಲ ಮೇಡಂ!

ನಾನು: ಅದು ಬಾಟ್ಲಿ ಜೋಡಿಸೋ ಮುಂಚೆ.

ಅತ್ತೆ: ಎರಡೂ ಬಿಚ್ಚಿಸಿದ್ರ ಅವನ ಕಾಲಿಗೇ ಗಾಜು ಚುಚ್ಚತೈತಲ್ಲ?

ಹೌದಲ್ಲ, ಅದೂ ಚಿಂತೆಯ ಮಾತೇ. ಮೌನೇಶನ ಇನ್ನೊಂದು ಹವಾಯಿಯನ್ನೂ ತಂದುಕೊಟ್ಟೆ. ಎರಡು ಬಿಳಿಯ ಶೂಗಳು ಒಂದೇ ಮೊಳೆಗೆ ಜೋಡಿಯಾಗಿ ನೇತಾಡಿದವು.

ಬಸವಕುಮಾರ್: ನಿಮ್ಮ ಅಂಗಡಿಗೆ ಒಂದೇ ಸ್ಟಾರ್ ಕೊಡ್ತೀನಿ, ನೋಡ್ತಿರಿ!

ನಾನು: ಕೊಟ್ರೆ ಇಸ್ಕೋತೀವಿ. ಒಬ್ಬೊಬ್ಬರು ಅದೂ ಕೊಡಲ್ಲ.

ಅತ್ತೆ ನನ್ನನ್ನು ಹೊಸಬಳನ್ನು ನೋಡುವಂತೆ ನೋಡಿದರು. ಬಸವಕುಮಾರ್ ಸಿಟ್ಟಿನಿಂದ ಸೈಕಲ್ಲಿನ ಮೇಲೆ ಧೊಪ್ಪನೆ ಕುಳಿತ. ಹಿಂದಿನ ಚಕ್ರ ‘ಸ್ಸ್ಸ್’ ಎಂದು ನಿಟ್ಟುಸಿರು ಬಿಟ್ಟಿತು.

ಬಸವಕುಮಾರ್: ಥೂ! ಬರುವಾಗ್ಲೇ ಏನೋ ಟಿಕ್ ಟಿಕ್ ಅಂತಿತ್ತು.

ನಾನು: ಏಳಿ! ಏಳಿ ಸರ್! ಅಲ್ಲಾಡಬೇಡಿ!

ಬಸವಕುಮಾರ್: ಏಳಲೋ, ಅಲ್ಲಾಡದೆ ಇರಲೋ?

ನಾನು ಅವನನ್ನು ಒಂದು ಪಕ್ಕಕ್ಕೆ ತಳ್ಳಿ ಚಕ್ರ ತಿರುಗಿಸಿದೆ. ಅರ್ಧ ಸುತ್ತಿಗೆ ಸಿಕ್ಕಿತು. ಟೈರಿನ ಗೀರುಗಳ ನಡುವೆ ಕಂದು ಬಣ್ಣದ ಮೂರು ಮೂಲೆ ಮಿಣುಗುತ್ತಿತ್ತು. ಇಕ್ಕಳದಿಂದ ಎಳೆದೆ. ಉಳಿದ ಗಾಳಿಯೂ ಹೋಯಿತು. ಚೂರನ್ನು ಬಾಟಲಿಯ ತೂತಿಗಿಟ್ಟೆ. ಅಳತೆ ತೆಗೆದು ಮಾಡಿಸಿದಂತೆ ಕುಳಿತುಕೊಂಡಿತು.

ನಾನು: ಅತ್ತೆ! ಬಾಟ್ಲಿ ಪೂರಾ ಆಯ್ತು! ದಾರಿಯಲ್ಲಿ ಒಂದು ಚೂರೂ ಇಲ್ಲ!

ಬಸವಕುಮಾರ್: ಅಂದ್ರೆ... ನಾನು ಒಡೆದಿದ್ದು ನನ್ನ ಟೈರಿಗೇ ಚುಚ್ಚಿತ್ತಾ?

ಅತ್ತೆ: ನೋಡು, ಗಾಜಿಗೆ ಎಷ್ಟು ಬುದ್ಧಿ ಐತಿ. ತನ್ನ ಮಾಲಕನ್ನ ಬರೋಬರಿ ಗುರ್ತು ಹಿಡೀತು.

ಅತ್ತೆ ಎರಡೂ ಶೂ ಇಳಿಸಿ, ಅಡಿಗಂಟಿದ್ದ ಮಣ್ಣು ಒರೆಸಿ, ಗುಡಿಯ ಮುಂದೆ ಕೊಡುತ್ತಿದ್ದಂತೆಯೇ ಎರಡೂ ಕೈಯಲ್ಲಿ ಕೊಟ್ಟರು. ಬಸವಕುಮಾರ್ ಹಾಕಿಕೊಂಡು, ಯಾರೂ ಹೇಳದಿದ್ದರೂ ಅಂಗಿ, ಡಬ್ಬಿ, ಬುತ್ತಿಗಂಟು ಎತ್ತಿಕೊಂಡ. ನಾಲ್ಕು ಹೆಜ್ಜೆ ಹೋಗಿ ತಿರುಗಿದ.

ಬಸವಕುಮಾರ್: ಅಜ್ಜಿ, ಬೆದರುಬೊಂಬೆ ಅಂಗಿಗೆ ಗುಂಡಿ ಹಾಕ್ಬೇಕಾ?

ಅತ್ತೆ: ಮ್ಯಾಲಿಂದೊಂದು ಬಿಡು. ಅವಂಗ ಸೆಕಿ ಆಗ್ತೈತಿ.

ಅವನು ಹೋದ ಮೇಲೆ ನಾನು ಸ್ಟೂಲು ಹತ್ತಿ ಹಗ್ಗ ಬಿಚ್ಚಿದೆ. ಭಯದಲ್ಲಿ ಕಟ್ಟಿದ್ದು, ಏಳು ಗಂಟುಗಳಿದ್ದವು. ಕೆಂಪು ಸೈಕಲ್ ಕೆಳಗಿಳಿಯಿತು. ಗಾಳಿ ಹಾಕಿದೆ, ಬೆಲ್ ಒತ್ತಿ ನೋಡಿದೆ, ಬ್ರೇಕ್ ಹಿಡಿದು ನೋಡಿದೆ. ಮತ್ತೊಮ್ಮೆ ಬ್ರೇಕ್ ಹಿಡಿದು ನೋಡಿದೆ. ಇನ್ನು ಅರ್ಧ ಗಂಟೆಗೆ ಹೇಮಾ ಶಾಲೆಯಿಂದ ಬರುತ್ತಾಳೆ. ಬಂದು ನೋಡಿದರೆ ನನ್ನ ಜತೆ ಒಂದು ಮಾತಾದರೂ ಆಡಿಯಾಳು.

ನಾನು: ಅತ್ತೆ, ನಾಳೆ ಬೆಳಿಗ್ಗೆ ಅವಳೊಬ್ಬಳೇ ಹೋಗ್ಲಿ.

ಅತ್ತೆ: ಶಾಣ್ಯಾಕಿ.

ನಾನು: ನಾನು ಸುಮ್ನೆ ಇನ್ನೊಂದು ಸೈಕಲ್ ತಗೊಂಡು ಹಿಂದೆ ಹೋಗ್ತೀನಿ. ತುಂಬಾ ಹಿಂದೆ. ಅವಳಿಗೆ ಗೊತ್ತೇ ಆಗಲ್ಲ.

ಅತ್ತೆ ಬಗ್ಗಿ, ಸ್ಟೂಲಿನ ಪಕ್ಕ ಬಿಟ್ಟಿದ್ದ ನನ್ನ ಎಡಗಾಲಿನ ಚಪ್ಪಲಿ ಎತ್ತಿಕೊಂಡು, ಅಡಿಗೆ ಸೀಮೆಸುಣ್ಣದಲ್ಲಿ ಒಂದು ಗುರುತು ಹಾಕಿ, ಮೊಳೆಗೆ ನೇತು ಹಾಕಿದರು.

ನಾನು: ಅತ್ತೆ! ಅದು ನನ್ನದು!

ಅತ್ತೆ: ಗೊತ್ತೈತಿ. ನಾಳಿ ಕೂಸು ಸಾಲಿ ಮುಟ್ಟಿದ ಮ್ಯಾಲ ಕೊಡ್ತೀನಿ.

ನಾನು: ಬರಿಗಾಲಲ್ಲೇ ಹೋಗ್ತೀನಿ, ನೋಡ್ತಿರಿ! ಆ ದಾರಿಯಲ್ಲಿ ಈಗ ಒಂದು ಚೂರೂ ಗಾಜಿಲ್ಲ.

ಅತ್ತೆ: ಖರೇನ? ಒಂದೂ ಇಲ್ಲ?

ನಾನು: ಒಂದೂ ಇಲ್ಲ! ನಾನೇ ಜೋಡಿಸಿ ನೋಡಿದೀನಲ್ಲ.

ಅತ್ತೆ: ಹಂಗಾದ್ರ ಕೂಸಿನ ಹಿಂದ ಯಾಕ ಹೋಗ್ತಿ?

ನಾನು ಬಾಯಿ ತೆರೆದೆ. ಜೀಪು, ಕರಡಿ ಎಲ್ಲವೂ ನಾಲಿಗೆಯ ತುದಿಗೆ ಬಂದು ನಿಂತವು. ಅತ್ತೆಯ ಕಣ್ಣು ನನ್ನ ಬಲಗಾಲಿನ ಚಪ್ಪಲಿಯ ಮೇಲಿತ್ತು. ಬಾಯಿ ಮುಚ್ಚಿ, ಅದಕ್ಕೆ ಬೇಗನೆ ಕಾಲು ತೂರಿಸಿದೆ.